ಗೋಡೆಯ ಮೇಲಿದ್ದ ಮಂಗಳ

ಹೋದ ತಿಂಗಳು ಮೊಣಕಾಲಿಗೆ ಹಚ್ಚುವ ಮುಲಾಮು ತರಲು ಹರ್ಷನ ಸ್ಕೂಟರಿನಲ್ಲಿ ನಂಜನಗೂಡಿಗೆ ಹೋಗಿದ್ದೆ. ಮೆಡಿಕಲ್ ಸ್ಟೋರಿನ ಮೆಟ್ಟಿಲಿಗೆ ಕಾಲಿಟ್ಟೊಡನೆ ಆ ವಾಸನೆ ಬಂತು. ರಟ್ಟಿನ ಡಬ್ಬಿ, ಸ್ಪಿರಿಟ್ಟು, ಮಕ್ಕಳ ಸಿರಪ್ಪಿನ ಸಿಹಿ, ಎಲ್ಲ ಕಲೆತ ವಾಸನೆ. ನಿಮಗೆ ಅದು ಬರೀ ಔಷಧಿಯ ವಾಸನೆ. ನನಗೆ ಮಾತ್ರ ಇಡೀ ಒಂದು ವರ್ಷ ಮೂಗಿನೊಳಗೆ ನುಗ್ಗಿದಂತಾಗಿ, ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟೆ.

"ಏನಜ್ಜಿ, ತಲೆ ಸುತ್ತುತ್ತಾ?" ಎಂದು ಹರ್ಷ ಕೇಳಿದ. ಇಲ್ಲವೆಂದು ತಲೆಯಾಡಿಸಿದೆ.

ಅದರ ಹಿಂದಿನ ಭಾನುವಾರ ಅವನು ಊಟಕ್ಕೆ ಕುಳಿತಲ್ಲೇ, "ಕಂಪ್ಯೂಟರ್ ಡಿಗ್ರಿ ಮುಗಿಸಿದ್ದೀನಿ, ಆದ್ರೆ ಅದರ ಕೆಲಸ ನನ್ನ ಕೈಲಿ ಆಗಲ್ಲ" ಎಂದಿದ್ದ. ಮನೆಯೆಲ್ಲ ಅವನ ಮೇಲೆ ಬಿತ್ತು. "ಓದೋವಾಗ ಗೊತ್ತಿರ್ಲಿಲ್ವಾ?" ಎಂದು ಅವನಪ್ಪ, ನನ್ನ ಮಗ ಮಹೇಶ ತಟ್ಟೆ ಬಿಟ್ಟೆದ್ದ. ನಾನು ಅವರೆಕಾಯಿ ಬಿಡಿಸುತ್ತ ತಲೆ ಎತ್ತಲಿಲ್ಲ. ನಾಲ್ಕು ಜನರ ನಡುವೆ ಬಾಯಿ ತೆರೆಯುವುದು ನನಗೆ ಯಾವತ್ತೂ ಬಂದಿಲ್ಲ. ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದವಳು, ಬರೆಯುವುದು ಮಾತಾಡುವುದಕ್ಕಿಂತ ಸುಲಭ. ಅದಕ್ಕೇ ಮಕ್ಕಳೇ, ನಿಮಗೆ ಬರೆಯುತ್ತಿದ್ದೇನೆ. ನಿಮ್ಮ ಮಂಗಳತ್ತೆಯ ಒಂದು ವರ್ಷದ ಸಂಗತಿ ಇದು. ಈಗಿನ ಮಂಗಳತ್ತೆಯನ್ನು ನೀವು ಬಲ್ಲಿರಿ. ಆ ವರ್ಷ ನೀವು ಮೈಸೂರಿನಲ್ಲಿದ್ದಿರಿ, ರಜಕ್ಕೆ ಮಾತ್ರ ಊರಿಗೆ ಬರುತ್ತಿದ್ದಿರಿ.

ನಿಮ್ಮ ತಾತ ಪಂಚಾಯ್ತಿಯ ನೀರುಗಂಟಿಯಾಗಿದ್ದರು. ತಗಡೂರಿಗೆ ಹತ್ತಿರದ ನಮ್ಮೂರಿನ ಟ್ಯಾಂಕಿಗೆ ನೀರು ಹತ್ತಿಸುವ ಮೋಟರು ಮನೆಯ ಬೀಗದ ಕೈ ಅವರ ಉಡಿದಾರದಲ್ಲೇ ಇರುತ್ತಿತ್ತು. ಮಂಗಳ ನಡೆಯಲು ಕಲಿತದ್ದೇ ಅವರ ಹಿಂದೆ ಹಿಂದೆ ಓಡಾಡಿ. ಮೋಟರಿನ ಗುಂಯ್ ಸದ್ದು ಕೇಳಿಯೇ, "ಅಪ್ಪ, ಕರೆಂಟಿಂದು ಒಂದು ಫೇಸ್ ಬತ್ತಾ ಇಲ್ಲ, ಆಫ್ ಮಾಡು" ಎನ್ನುತ್ತಿದ್ದಳು. ಬೀದಿಯಲ್ಲಿ ಯಾರ ಮಿಕ್ಸಿ ಕೆಟ್ಟರೂ ಅವಳ ಮುಂದೆ ಬಂದು ಕೂರುತ್ತಿತ್ತು.

ಅವಳು ಎರಡನೆಯ ಪಿಯುಸಿಯಲ್ಲಿದ್ದಾಗ ತಾತ ಎದೆನೋವಿನಲ್ಲಿ ಹೋದರು. ತಿಥಿಯ ದಿನ ನನ್ನ ಅಣ್ಣ ಸಿದ್ದರಾಜು ಜಗಲಿಯಲ್ಲಿ ಕುಳಿತು, ಬಾಗಿಲ ಹಿಂದೆ ನಿಂತಿದ್ದ ನನಗೆ ಕೇಳಿಸುವಂತೆ ಹೇಳಿದ. "ಕೂಸ್ನ ನನ್ ಕೈಗೆ ಕೊಡು ಜಯಮ್ಮಿ. ನಮ್ಮನೇಲೇ ಇಟ್ಕೊಂಡು ಬಿ.ಫಾರ್ಮ ಓದುಸ್ತೀನಿ. ನಾಳೆ ದಿನ ಅಂಗ್ಡಿ ಅವಳ್ದೇ." ಅಣ್ಣನಿಗೆ ತಿರುಮಕೂಡಲು ನರಸೀಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಮೆಡಿಕಲ್ ಸ್ಟೋರಿತ್ತು. ನಾನು ತಲೆಯಾಡಿಸಿದೆ. ಮಂಗಳನನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಅಣ್ಣ ಕೆಟ್ಟವನಲ್ಲ. ಚಿಕ್ಕಂದಿನಿಂದ ಮೆಡಿಕಲ್ ಸ್ಟೋರುಗಳಲ್ಲೇ ನಿಂತವನು. ಕಣ್ಣು ಕಟ್ಟಿದರೂ ಯಾವ ಮಾತ್ರೆ ಯಾವ ಗೂಡಿನಲ್ಲಿದೆ ಎಂದು ತೆಗೆದುಕೊಡುತ್ತಿದ್ದ. ಡಾಕ್ಟರುಗಳೇ ಫೋನು ಮಾಡಿ, "ಸಿದ್ದರಾಜು, ಅದಕ್ಕೆ ಬದ್ಲು ಯಾವುದಿದೆಯಪ್ಪಾ?" ಎಂದು ವಿಚಾರಿಸುತ್ತಿದ್ದರು. ಆದರೆ ಅಂಗಡಿ ತೆರೆಯಲು ಆ ವಿದ್ಯೆ ಸಾಲದು. ಓದಿ ನೋಂದಣಿಯಾದವರೊಬ್ಬರ ಫೋಟೋ ಇರುವ ಸರ್ಟಿಫಿಕೇಟು ಗೋಡೆಯಲ್ಲಿರಬೇಕು, ಆ ಮನುಷ್ಯರೂ ಅಂಗಡಿಯಲ್ಲಿರಬೇಕು. ಮೊದಲಿದ್ದವರು ಇನ್ನು ನಾಲ್ಕೈದು ವರ್ಷದಲ್ಲಿ ಬಿಡುತ್ತೇನೆ ಎಂದಿದ್ದರು. ಅವನಿಗೆ ಮನೆಯದೇ ಒಂದು ಹೆಸರು ಬೇಕಿತ್ತು.

ನಾಲ್ಕು ವರ್ಷ ಮಂಗಳ ಮಾವನ ಮನೆಯಿಂದ ಮೈಸೂರಿನ ಕಾಲೇಜಿಗೆ ಬಸ್ಸಿನಲ್ಲಿ ಓಡಾಡಿದಳು. ಫೇಲಾಗಲಿಲ್ಲ, ಇಷ್ಟವನ್ನೂ ಪಡಲಿಲ್ಲ. ಊರಿಗೆ ಬಂದರೆ ತೊಟ್ಟಿಯ ಹತ್ತಿರ ನಿಂತು ಮೂರು ಸಲ ಕೈ ತೊಳೆಯುತ್ತಿದ್ದಳು. "ವಾಸ್ನೆ ಕೈಯಿಂದ ಓಯ್ತದೆ ಅವ್ವ, ಮೂಗಿಂದ ಓಗಲ್ಲ" ಎನ್ನುತ್ತಿದ್ದಳು. ಓದು ಮುಗಿದರೆ ಸರಿಹೋಗುತ್ತದೆ ಎಂದು ನಾನು ಸುಮ್ಮನಿದ್ದೆ.

ಓದು ಮುಗಿಯಿತು. ನೋಂದಣಿಯೂ ಆಗಿ ಸರ್ಟಿಫಿಕೇಟು ಬಂತು. ನಾನು ಮಾಡಿದ ತಪ್ಪನ್ನು ಇಲ್ಲಿ ಮುಚ್ಚಿಡುವುದಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಿಂದ ಹಿಡಿದು ಅವಳ ಒರಿಜಿನಲ್ ಕಾಗದಗಳನ್ನೆಲ್ಲ ದೇವರ ಮುಂದಿಟ್ಟು, ಮೂಲೆಗೆ ಕುಂಕುಮ ಹಚ್ಚಿ, ಹಸಿರು ರವಿಕೆ ಕಣದಲ್ಲಿ ಸುತ್ತಿ, ಮೇಲೆ ಎಲೆಯಡಿಕೆ ಇಟ್ಟು ಅಣ್ಣನ ಕೈಗೆ ಕೊಟ್ಟೆ. ಹೆಣ್ಣನ್ನು ಧಾರೆ ಎರೆದುಕೊಡುವ ಹಾಗೆ ಕೊಟ್ಟೆ. ಅಣ್ಣ ಕಣ್ಣಿಗೊತ್ತಿಕೊಂಡು ಬೀರುವಿನಲ್ಲಿಟ್ಟ. ಫೋಟೋ ಇದ್ದ ಸರ್ಟಿಫಿಕೇಟಿಗೆ ಗಾಜಿನ ಕಟ್ಟು ಹಾಕಿಸಿ ಗೋಡೆಗೆ ಹಾಕಿದ. ಅದರ ಕೆಳಗೆ ಒಂದು ಸ್ಟೂಲು. ಅದು ಮಂಗಳನ ಜಾಗ.

ಬೆಳಿಗ್ಗೆ ಎಂಟೂವರೆಯಿಂದ ಅಂಗಡಿ ಮುಚ್ಚುವವರೆಗೆ ಅವಳು ಅಲ್ಲಿ. ಬಂದವರು ಅಣ್ಣನನ್ನೇ ಕೇಳುತ್ತಿದ್ದರು, ಅಣ್ಣನೇ ಕೊಡುತ್ತಿದ್ದ. ಇವಳು ಸುಮ್ಮನೆ ಇರಬೇಕು. ಎದ್ದು ಹೋಗುವ ಹಾಗಿಲ್ಲ, ಔಷಧಿ ಕಚೇರಿಯ ಇನ್‌ಸ್ಪೆಕ್ಟರು ಬಂದರೆ? ಅವರು ವರ್ಷಕ್ಕೊಮ್ಮೆಯೋ ಎರಡು ಸಲವೋ ಬರುತ್ತಾರಂತೆ. ಯಾವ ದಿನವೆಂದು ಗೊತ್ತಿಲ್ಲದ್ದರಿಂದ ಎಲ್ಲ ದಿನಗಳೂ ಅವರವೇ ಆಗಿದ್ದವು. ಆಷಾಢದ ಗಾಳಿಯಲ್ಲಿ ನನಗೆ ಕೀಲು ಕೀಲು ಹಿಡಿಯುವ ಜ್ವರ ಬಂದು ಎಂಟು ದಿನ ಮಲಗಿದ್ದೆ. ಮಾತ್ರೆ ಬಸ್ಸಿನ ಕಂಡಕ್ಟರ ಕೈಯಲ್ಲಿ ಬಂತು, ಮಗಳು ಬರಲಿಲ್ಲ.

ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚುತ್ತಿತ್ತು. ಅವತ್ತು ಮಾತ್ರ ಬಸ್ಸು ಹತ್ತಿ ಊರಿಗೆ ಬಂದು ಸಂಜೆಗೆ ಹಿಂದಿರುಗುತ್ತಿದ್ದಳು. ಬಂದಾಗ ಮಾತ್ರೆಯ ರಟ್ಟು ಬಿಚ್ಚಿ ಅದರ ಒಳಮೈಯಲ್ಲಿ ಬರೆದುಕೊಂಡದ್ದನ್ನು ಓದಿ ಹೇಳುತ್ತಿದ್ದಳು. ಬೇರೆ ಏನು ಮಾಡಬಹುದು ಎಂದು ಕಂಡಕಂಡವರನ್ನು ಕೇಳಿದ ಪಟ್ಟಿ ಅದು. ನಂಜನಗೂಡಿನ ಔಷಧಿ ಫ್ಯಾಕ್ಟರಿ ಎಂದರು ಒಬ್ಬರು. ಬ್ಯಾಗು ಹಿಡಿದು ಡಾಕ್ಟರ ಬಾಗಿಲಲ್ಲಿ ನಿಲ್ಲುವ ಕಂಪನಿ ಕೆಲಸ, ಆಸ್ಪತ್ರೆಯ ಔಷಧಿ ಕೊಠಡಿ, ಇನ್ನೂ ಓದಿ ಅದೇ ಕಾಲೇಜಿನಲ್ಲಿ ಪಾಠ.

"ಎಲ್ಲ ಬಾಗ್ಲೂ ತೆಗೀತವೆ ಕಣವ್ವ. ಒಳಕ್ಕೆ ಇಣುಕಿದ್ರೆ ಅದೇ ಮಾತ್ರೆ" ಎಂದು ರಟ್ಟನ್ನು ಒಲೆಗೆ ಹಾಕಿದಳು. ಮಹೇಶ ಫೋನಿನಲ್ಲಿ ಬ್ಯಾಂಕ್ ಪರೀಕ್ಷೆ ಬರಿ ಎಂದ. ಬರೆದಳು, ಆಗಲಿಲ್ಲ. ಮಾವನ ಮಾತಿಗೆ ಎದುರಾಡುವ ಧೈರ್ಯ ಅವನಿಗೂ ಇರಲಿಲ್ಲ.

ಶ್ರಾವಣ ಹತ್ತಿರವಾಗಿದ್ದ ಒಂದು ಭಾನುವಾರ, ರೊಟ್ಟಿ ತಟ್ಟುತ್ತಿದ್ದ ನನ್ನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು ಮೆಲ್ಲಗೆ ಹೇಳಿದಳು.

"ಅವ್ವ, ಲೈನ್‌ಮ್ಯಾನ್ ಕೆಲ್ಸಕ್ಕೆ ಅರ್ಜಿ ಆಕಿವ್ನಿ."

"ಯಾರ್ಗೆ?"

"ನಂಗೇ. ನಾಕು ವರ್ಸ ಓದಿದ್ದು ಅವ್ರು ಕೇಳೇ ಇಲ್ಲ ಕಣವ್ವ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ನೋಡ್ತಾರಂತೆ. ಆಮೇಕೆ ಕಂಬ ಅತ್ಬೇಕು."

ನನ್ನ ಕೈಯ ರೊಟ್ಟಿ ಅಲ್ಲೇ ನಿಂತಿತು. "ಎಣ್ಣೆಂಗ್ಸು ಕಂಬ ಅತ್ತುದ್ರೆ ಊರೋರು ಏನಂದಾರು?"

"ಕರೆಂಟ್ ಓದಾಗ ಏನಂತಾರೆ? 'ಯಾವನ್ಲಾ ಅವ್ನು ಲೈನ್‌ಮ್ಯಾನು' ಅಂತಾರೆ. ಇನ್ಮೇಲೆ 'ಯಾವಳ್ಲಾ ಅವ್ಳು' ಅಂತಾರೆ, ಅಷ್ಟೇಯ."

ಎಷ್ಟೋ ತಿಂಗಳ ಮೇಲೆ ಅವಳು ನಕ್ಕದ್ದು. ನನಗೂ ನಗು ಬಂದುಬಿಟ್ಟಿತು.

ಮೋಟರು ಮನೆಯ ಹಿಂದೆ ತಂತಿ ಇಲ್ಲದ ಹಳೆಯ ಸಿಮೆಂಟು ಕಂಬವೊಂದಿತ್ತು. ಅವತ್ತಿನಿಂದ ಭಾನುವಾರ ಭಾನುವಾರ ಮಹೇಶನ ಹಳೆಯ ಪ್ಯಾಂಟು ತೊಟ್ಟು ಅದನ್ನು ಹತ್ತುವುದು ಕಲಿತಳು. ಮೊದಲ ದಿನ ಆಳೆತ್ತರವೂ ಹೋಗಲಿಲ್ಲ. ಮೊಣಕಾಲು, ತೊಡೆಯ ಒಳಗು, ಅಂಗೈ ಎಲ್ಲ ತರಚಿ ರಕ್ತ. ನಾನು ಸಗಣಿ ಬುಟ್ಟಿ ಹಿಡಿದು, ಏನೋ ಕೆಲಸವಿದ್ದಂತೆ ದಾರಿಗೆ ಅಡ್ಡ ನಿಲ್ಲುತ್ತಿದ್ದೆ. ಆದರೂ ಪಕ್ಕದ ಮನೆಯ ಕೆಂಪಮ್ಮನ ಕಣ್ಣಿಗೆ ಬಿತ್ತು. "ಏನ್ ಜಯಮ್ಮ, ನಿನ್ ಮಗ್ಳು ಮಾತ್ರೆನ ಆ ಕಂಬದ ಮ್ಯಾಲೆ ಇಟ್ಟಿದ್ದಾಳಾ?" ಎಂದು ಕೂಗಿದಳು. ಮಂಗಳ ಅರ್ಧ ಕಂಬದಿಂದಲೇ, "ಊಂ ಕಣತ್ತೆ, ಬಾಯಿ ಕಮ್ಮಿ ಮಾಡೋ ಮಾತ್ರೆ. ಇಳಿಸ್ಕೊಡ್ಲಾ?" ಎಂದಳು.

ಪರೀಕ್ಷೆ ಕಾರ್ತಿಕದಲ್ಲಿ. ಅದಕ್ಕೆ ಮೊದಲು ಒರಿಜಿನಲ್ ಕಾಗದಗಳನ್ನು ತೋರಿಸಬೇಕಿತ್ತು. ಅವು ಅಣ್ಣನ ಬೀರುವಿನಲ್ಲಿದ್ದವು. "ನಾನ್ ಕೇಳಿದ್ರೆ ಮಾವ ಕೊಡಕಿಲ್ಲ. ನೀನೇ ಕೊಟ್ಟಿದ್ದು, ನೀನೇ ಕೇಳವ್ವ. ಇಲ್ದಿದ್ರೆ ಇಷ್ಟು ಕಂಬ ಅತ್ತಿದ್ದೂ ದಂಡ" ಎಂದಳು. ಕೇಳುತ್ತೇನೆ ಎಂದೆ. ಎರಡು ಸಲ ನರಸೀಪುರಕ್ಕೆ ಹೋದೆ. ಎರಡು ಸಲವೂ ಅತ್ತಿಗೆ ಕೊಟ್ಟ ಕಾಫಿ ಕುಡಿದು, ಮಳೆ ಬೆಳೆ ಮಾತಾಡಿ, ಬಸ್ಸು ಹತ್ತಿ ಬಂದೆ. ಉಂಡ ಮನೆಯ ಎದುರು ನಿಂತು ಹೇಗೆ ಕೇಳುವುದು?

ನಾನು ಹೀಗೆ ಹೋಗಿ ಬರುತ್ತಿರುವಾಗಲೇ ಅಣ್ಣನೇ ನಮ್ಮ ಮನೆಗೆ ಬಂದ. ಅತ್ತಿಗೆಯ ಕೈಯಲ್ಲಿ ಹಣ್ಣಿನ ತಟ್ಟೆ. ಮಗ ಚೇತನನಿಗೆ ಮಂಗಳನನ್ನು ತಂದುಕೊಳ್ಳುವ ಮಾತು.

"ಆಗಿನ ಕಾಲ್ದೋರು ಜಮೀನು ಒರಕ್ಕೋಗ್ಬಾರ್ದು ಅಂತ ಸೋದರಿಕೆ ಬೆಳಸ್ತಿದ್ರು. ನಮ್ಗೆ ಜಮೀನೆಲ್ಲದೆ? ಸರ್ಟಿಫಿಕೇಟ್ ಅದೆ" ಎಂದು ಅವನೇ ನಕ್ಕ. "ಮನೇದು ಮನೇಲೇ ಇರ್ತದೆ. ಏನಂತೀಯ ಜಯಮ್ಮಿ?"

ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಬೇಡ ಎನ್ನಬೇಕು, ಎರಡೇ ಅಕ್ಷರ. ಬರಲಿಲ್ಲ.

"ಸುಮ್ಗವ್ಳೆ ಅಂದ್ರೆ ಒಪ್ದಂಗೆ ಬುಡು" ಎಂದ ಅಣ್ಣ. ದೀಪಾವಳಿ ಕಳೆದ ಮೇಲೆ ವೀಳ್ಯದೆಲೆ ಶಾಸ್ತ್ರ ಎಂದೂ ಆಯಿತು.

ಮುಂದಿನ ಭಾನುವಾರ ಮಂಗಳ ಬಂದಳು, ಕಂಬ ಹತ್ತಲಿಲ್ಲ. ಅದಕ್ಕೆ ಬೆನ್ನು ಕೊಟ್ಟು ಬುಡದಲ್ಲಿ ಕುಳಿತಿದ್ದಳು. "ಬಾಯಿ ಇಲ್ವಾ ಅವ್ವ ನಿಂಗೆ?" ಎಂದಳು. ಕೋಪದಲ್ಲಿ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ. ನಿಜವಾಗಿಯೂ ತಿಳಿದುಕೊಳ್ಳಲು ಕೇಳುವವಳ ಹಾಗೆ ಕೇಳಿದಳು.

ಆಯುಧಪೂಜೆಗೆ ಅಣ್ಣ ಕರೆದಿದ್ದ. ಹೋದೆ. ಅಂಗಡಿ ತೊಳೆದು ಮಾವಿನೆಲೆ ಕಟ್ಟಿದ್ದರು. ಅಣ್ಣ ಹೊಸ ಪಂಚೆಯುಟ್ಟು ತೂಕದ ಮಿಷನ್ನಿಗೆ, ಫ್ರಿಜ್ಜಿಗೆ, ಕ್ಯಾಲ್ಕುಲೇಟರಿಗೆ ಒಂದೊಂದಾಗಿ ಕುಂಕುಮವಿಟ್ಟು ಚೆಂಡುಹೂ ಏರಿಸುತ್ತ ಬಂದ. ಆಮೇಲೆ ಕುರ್ಚಿಯ ಮೇಲೆ ಹತ್ತಿ, ಗೋಡೆಯ ಸರ್ಟಿಫಿಕೇಟಿನ ಕಟ್ಟಿಗೆ ಸುತ್ತಲೂ ಹಾರ ಹಾಕಿದ. ಗಾಜಿನ ಮೇಲೆ, ಒಳಗಿದ್ದ ಫೋಟೋದ ಹಣೆಗೆ ಸರಿಯಾಗಿ ಕುಂಕುಮದ ಬೊಟ್ಟಿಟ್ಟ. ಮೂರು ಊದುಬತ್ತಿ ಹಚ್ಚಿ ಕೆಳಗೆ ಸಿಕ್ಕಿಸಿದ.

ನಮ್ಮ ಮನೆಯ ಗೋಡೆಯಲ್ಲಿ ನಿಮ್ಮ ತಾತನ ಫೋಟೋ ಹೀಗೇ ಇದೆ. ಹಾರ, ಹಣೆಗೆ ಬೊಟ್ಟು, ಊದುಬತ್ತಿ. ಇಲ್ಲಿ ನನ್ನ ಮಗಳು. ಅದೇ ಮುಖ ಕೆಳಗೆ ಸ್ಟೂಲಿನ ಮೇಲೆ ಕಡ್ಲೆಪುರಿ ಹಿಡಿದು ಕುಳಿತಿದೆ. ಹೊಗೆ ಮೇಲಿನ ಮುಖವನ್ನು ದಾಟಿ ಸೂರಿಗೆ ಹೋಗುತ್ತಿತ್ತು. ಬೇರೆ ಯಾರಿಗೂ ಏನೂ ಅನ್ನಿಸಿದಂತಿರಲಿಲ್ಲ. ಅತ್ತಿಗೆ ಬೂದುಗುಂಬಳಕಾಯಿ ಎಲ್ಲಿಟ್ಟೆ ಎಂದು ಹುಡುಕುತ್ತಿದ್ದಳು.

"ಅಣ್ಣ, ಆರ ತೆಗಿ."

ಅದು ನನ್ನ ದನಿಯೆಂದು ನನಗೇ ತಿಳಿಯಲಿಲ್ಲ.

"ಏನವ್ವ?" ಎಂದ ಅಣ್ಣ.

"ಬದ್ಕಿರೋ ಕೂಸಿಗೆ ಆರ ಆಕಿದ್ದೀಯ ನೋಡು. ತೆಗಿ ಮೊದ್ಲು."

ಅಣ್ಣ ತಲೆ ಎತ್ತಿ ನೋಡಿದ. "ಅಯ್ಯೋ ನಂಜುಂಡಪ್ಪ, ಗ್ಯಾನ ಬರ್ನಿಲ್ಲ ಕಣವ್ವ" ಎಂದು ಎಡವುತ್ತ ಕುರ್ಚಿ ಹತ್ತಿ ಹಾರ ಕಿತ್ತ. ಬೊಟ್ಟನ್ನು ಒರೆಸಿದ್ದು ಗಾಜಿನ ಮೇಲೆಲ್ಲ ಕೆಂಪಗೆ ಹರಡಿತು.

ಬಾಯಿ ತೆರೆದಿತ್ತು. ಮುಚ್ಚಿದರೆ ಮತ್ತೆ ತೆರೆಯುವುದಿಲ್ಲವೆಂದು ಗೊತ್ತಿತ್ತು. "ಅವಳ ಕಾಗ್ದ ಕೊಡು ಅಣ್ಣ. ಮದ್ವೆ ಬ್ಯಾಡ. ಅವಳು ಕರೆಂಟಿನ ಕೆಲ್ಸಕ್ಕೆ ಓಯ್ತಾಳೆ" ಎಂದೆ, ಒಂದೇ ಉಸಿರಿಗೆ.

"ಕಂಬ ಅತ್ತೋಕೆ ಬಿ.ಫಾರ್ಮ ಓದುಸ್ದೋ ನಾವು?" ಎಂದಳು ಅತ್ತಿಗೆ. ಅವಳ ಮಾತು ತಪ್ಪಲ್ಲ.

ಅಣ್ಣ ಕೂಗಾಡಲಿಲ್ಲ. ಸ್ಟೂಲಿನಿಂದ ಮಂಗಳ ಎದ್ದಿದ್ದಳು, ಅವನು ಅಲ್ಲಿ ಕುಳಿತ. "ಇವಳು ಬುಟ್ಟೋದ್ರೆ ಅಂಗ್ಡಿಗೆ ಬೀಗ ಕಣವ್ವ" ಎಂದ. ಆಮೇಲೆ ನನ್ನನ್ನು ನೋಡದೆ ಹೇಳಿದ. "ಅಪ್ಪ ಸತ್ತಾಗ ನಾನು ಎಂಟ್ನೇ ಕ್ಲಾಸು, ನೀನು ಐದ್ನೇದು. ಇಬ್ರಲ್ಲಿ ಒಬ್ರು ಬುಡ್ಬೇಕಿತ್ತು. ನಾನ್ ಬುಟ್ಟೆ. ನಾನು ಓದಿದ್ರೆ ಆ ಕಟ್ಟಲ್ಲಿ ನನ್ ಮೊಕ ಇರ್ತಿತ್ತು ಜಯಮ್ಮಿ."

ಮಗಳನ್ನು ಬಿಡಿಸಿಕೊಂಡರೆ ಅಣ್ಣನನ್ನು ಬೀದಿಗೆ ನಿಲ್ಲಿಸಬೇಕು. ಅಣ್ಣನನ್ನು ಉಳಿಸಿದರೆ ಮಗಳು ಗೋಡೆಯ ಮೇಲೆ. ನಾನು ಕೈ ನೀಡಿಕೊಂಡು ನಿಂತೇ ಇದ್ದೆ.

ಅವನು ಎದ್ದು ಒಳಮನೆಗೆ ಹೋಗಿ ಬೀರು ತೆಗೆದ. ಕಾಗದದ ಗಂಟು ನಾನು ಕಟ್ಟಿದ ರವಿಕೆ ಕಣದಲ್ಲೇ ಇತ್ತು. ಮಂಗಳನ ಕೈಗಿಟ್ಟು, "ಇದನ್ನ ತಕ್ಕೋ. ಗೋಡೆದು ಇರ್ಲಿ. ಬಿದ್ದು ವಾಪಸ್ ಬತ್ತೀಯ, ಬಾ. ಸ್ಟೂಲ್ ಎಲ್ಲೂ ಓಗಲ್ಲ" ಎಂದ.

ಕಾರ್ತಿಕದಲ್ಲಿ ಮೈಸೂರಿಗೆ ಅವಳ ಜೊತೆ ಹೋದೆ. ಮೈದಾನದೊಳಗೆ ಜೊತೆಗೆ ಬಂದವರನ್ನು ಬಿಡಲಿಲ್ಲ. ಕಾಂಪೌಂಡಿನ ಹೊರಗೆ ಮರದ ಕೆಳಗೆ ಕುಳಿತೆವು, ಬೇರೆ ಊರುಗಳ ಅಪ್ಪ ಅಮ್ಮಂದಿರೂ ಇದ್ದರು. ಗೋಡೆಯಾಚೆ ಕಂಬದ ತುದಿ ಮಾತ್ರ ಕಾಣುತ್ತಿತ್ತು. ಒಳಗೆ ಸೀಟಿ ಊದುತ್ತಿದ್ದರು. ಆಮೇಲೆ ಒಂದು ತಲೆ ಮೇಲೆ ಬರುತ್ತಿತ್ತು, ಇಲ್ಲವೇ ಬರುತ್ತಿರಲಿಲ್ಲ. ಬಾರದಿದ್ದಾಗ ಮರದ ಕೆಳಗೆ ಯಾರಾದರೂ ಒಬ್ಬರು ಮುಖ ಕೆಳಗೆ ಹಾಕುತ್ತಿದ್ದರು, ಹೆಸರು ಕೂಗಿದ್ದು ಅವರಿಗೆ ಕೇಳಿರುತ್ತಿತ್ತು. ಮಂಗಳ ಎಂದು ಕೂಗಿದರು. ಸೀಟಿ ಊದಿತು. ನಾನು ಸೆರಗಿನ ತುದಿ ಕಚ್ಚಿದೆ. ತುಂಬ ಹೊತ್ತು ಏನೂ ಇಲ್ಲ. ಆಮೇಲೆ ಒಂದು ಕೈ, ಅಂಗಿಯೊಳಗೆ ಜಡೆ ಸಿಕ್ಕಿಸಿಕೊಂಡ ತಲೆ. ತುದಿ ಮುಟ್ಟಿ ಅವಳು ಕೂಡಲೇ ಇಳಿಯಲಿಲ್ಲ, ಒಂದು ಗಳಿಗೆ ದೂರ ನೋಡಿದಳು. ಆ ವರ್ಷದಲ್ಲಿ ಅವಳ ಮುಖ ಅಂಗಡಿಯ ಸೂರನ್ನು ಮರೆತದ್ದನ್ನು ನಾನು ಕಂಡದ್ದು ಆವಾಗಲೇ.

ಪಟ್ಟಿಯಲ್ಲಿ ಹೆಸರು ಬಂತು. ಕೆಲಸಕ್ಕೆ ಸೇರುವ ಮೊದಲು, ಅಂಗಡಿ ಬಿಟ್ಟಿದ್ದೇನೆ ಎಂದು ಬರೆದುಕೊಟ್ಟು, ಅಣ್ಣನ ಸಹಿ ಹಾಕಿಸಿ, ಆ ಪ್ರತಿಯನ್ನು ಮೈಸೂರಿನ ಔಷಧಿ ಕಚೇರಿಗೆ ಕೊಡಬೇಕಿತ್ತು. ಮಂಗಳ ಹಾಳೆ ಮುಂದಿಟ್ಟುಕೊಂಡು ಕುಳಿತಳು. 'ನಾನು ಸ್ವಂತ ಇಚ್ಛೆಯಿಂದ' ಎಂಬಲ್ಲಿಗೆ ಪೆನ್ನು ನಿಂತಿತು. "ಮಾವ್ನ ಮೊಕ ಕಣ್ಮುಂದೆ ಬತ್ತದೆ ಅವ್ವ" ಎಂದಳು. ನಾನು ಬೇರೆ ಹಾಳೆ ತೆಗೆದುಕೊಂಡು ಪೂರ್ತಿ ಬರೆದೆ. ಅವಳು ಸಹಿ ಮಾಡಿದಳು.

ಮಾರ್ಗಶಿರದ ಚಳಿಯ ಒಂದು ಬೆಳಿಗ್ಗೆ ಇಬ್ಬರೂ ನರಸೀಪುರಕ್ಕೆ ಹೋದೆವು. ಅಣ್ಣ ನನ್ನೊಡನೆ ಕೊನೆಯದಾಗಿ ಮಾತಾಡಿದ್ದು ಅವತ್ತು. ಆಮೇಲೆ ಅವನು ಇನ್ಯಾರದೋ ಮೆಡಿಕಲ್ ಸ್ಟೋರಿನಲ್ಲಿ ಸಂಬಳಕ್ಕೆ ನಿಂತ. ತವರು ಎಂಬುದು ನನಗೆ ಆ ವರ್ಷಕ್ಕೇ ಮುಗಿಯಿತು. ಅದಕ್ಕೇ ಅವತ್ತಿನ ಒಂದೊಂದು ಮಾತನ್ನೂ ಬಿಡದೆ ಬರೆಯುತ್ತೇನೆ.

ಬೇರೆ ಸರ್ಟಿಫಿಕೇಟು ಅವನಿಗೆ ಸಿಕ್ಕಿರಲಿಲ್ಲ. ಕಾಗದವನ್ನು ಬೆಳಕಿಗೆ ಹಿಡಿದು ನಿಧಾನವಾಗಿ ಓದಿದ. ಓದಿ, "ಅಕ್ಸರ ಇನ್ನೂ ದುಂಡುಗೇ ಅದೆ ಕಣವ್ವ ನಿಂದು" ಎಂದ. ಸಹಿ ಹಾಕಿದ. ಕುರ್ಚಿ ಹತ್ತಿ ಕಟ್ಟು ಇಳಿಸಿ, ಹೆಗಲ ಟವೆಲ್ಲಿನಿಂದ ಗಾಜು ಒರೆಸಿ ಮಂಗಳನ ಕೈಗೆ ಕೊಟ್ಟ.

ನಾವು ಮೆಟ್ಟಿಲು ಇಳಿಯುವುದರಲ್ಲಿದ್ದೆವು. ಕಂಕುಳಲ್ಲಿ ಮಗು, ಕೈಯಲ್ಲಿ ಡಾಕ್ಟರ ಚೀಟಿ ಹಿಡಿದ ಹೆಂಗಸೊಬ್ಬಳು ಓಡಿಬಂದಳು. "ಸಾ, ಬೇಗ ಕೊಡಿ ಸಾ, ಮೈಯೆಲ್ಲ ಕೆಂಡ ಆಗದೆ." ಅವಳು ಮಾತು ಮುಗಿಸುವಷ್ಟರಲ್ಲಿ ಅಣ್ಣನ ಕೈ ಸಿರಪ್ಪಿನ ಬಾಟಲಿಯ ಮೇಲಿತ್ತು. ಅಲ್ಲಿಗೆ ನಿಂತಿತು. ಅವನು ಖಾಲಿ ಗೋಡೆ ನೋಡಿದ. ನನ್ನ ಕೈಯ ಕಾಗದ ನೋಡಿದ.

ಮಂಗಳ ಕಟ್ಟನ್ನು ಸ್ಟೂಲಿನ ಮೇಲಿಟ್ಟು ಒಳಗೆ ಹೋದಳು. ಅವನ ಕೈಯಿಂದ ಬಾಟಲಿ ತೆಗೆದುಕೊಂಡು ಚೀಟಿಯ ಪಕ್ಕದಲ್ಲಿಟ್ಟು ಎರಡನ್ನೂ ಓದಿದಳು.

"ಐದು ಎಂಎಲ್ ಅಲ್ವಾ ಮಾವ?"

"ಊಂ. ಮೂರೊತ್ತು" ಎಂದ ಅಣ್ಣ. "ಏನಾರ ತಿನ್ಸಿ ಕೊಡಕ್ಕೇಳು."

ಅವಳು ಆ ಹೆಂಗಸಿಗೆ ಮುಚ್ಚಳದಲ್ಲಿ ಗೀಟು ತೋರಿಸಿ ಹಾಗೆಯೇ ಹೇಳಿದಳು. ಅಷ್ಟರಲ್ಲಿ ಅಣ್ಣ ಕೌಂಟರಿನ ಹಲಗೆ ಎತ್ತಿ ಈಚೆಗೆ ಬಂದಿದ್ದ. ನನ್ನ ಪಕ್ಕದಲ್ಲಿ, ಮೆಟ್ಟಿಲ ಮೇಲೆ, ಔಷಧಿಗೆ ಬಂದವರು ನಿಲ್ಲುವ ಜಾಗದಲ್ಲಿ ಕೈಕಟ್ಟಿ ನಿಂತು, ಮಂಗಳ ಹೊರಗೆ ಬರುವವರೆಗೂ ಕಾದ. ಅವಳು ಬಂದ ಮೇಲೆ ಷಟರಿಗೆ ಕೈ ಹಾಕಿದ.